ಹಳೇ ಪಿಕಪ್ಪಿನ ಮೈಲೇಜು: ಪಂಪ್ ಬಿಚ್ಚಿಸುವ ಮೊದಲು ಚಕ್ರ ತಿರುಗಿಸಿ ನೋಡಿ

ಬೊಲೆರೊ ಪಿಕಪ್ ಇರಲಿ, ಟಾಟಾ 207 ಇರಲಿ, ಹತ್ತು ವರ್ಷ ದಾಟಿದ ಗಾಡಿಯ ಮಾಲೀಕರ ದೂರು ಒಂದೇ: ‘ಮೊದ್ಲು ಹನ್ನೆರಡು ಕೊಡ್ತಿತ್ತು, ಈಗ ಹತ್ತು ಬಂದ್ರೆ ಹೆಚ್ಚು.’ ಗ್ಯಾರೇಜಿನವರ ಉತ್ತರವೂ ಒಂದೇ: ‘ಪಂಪ್ ಬಿಚ್ಚೋಣ, ನಾಜಲ್ ಹೊಸದು ಹಾಕೋಣ.’ ಪಂಪ್ ಅಂದರೆ ಎಂಜಿನ್ನಿಗೆ ಡೀಸೆಲ್ ತಳ್ಳುವುದು, ನಾಜಲ್ ಅಂದರೆ ಅದನ್ನು ಒಳಗೆ ಸಿಂಪಡಿಸುವ ಮೂತಿ. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೂ ಮೈಲೇಜು ಇದ್ದಲ್ಲೇ ಇರುತ್ತದೆ. ಹಿಂದಿನ ಚಕ್ರವೊಂದರ ಬ್ರೇಕು ಅರ್ಧ ಹಿಡಿದುಕೊಂಡೇ ಓಡುತ್ತಿದ್ದರೆ ಪಂಪು ಪಾಪ ಏನು ಮಾಡೀತು? ತಿಂಗಳಿಗೆ 2,000 ಕಿ.ಮೀ. ಓಡುವ ಗಾಡಿ ಲೀಟರಿಗೆ ಹತ್ತು ಕೊಟ್ಟರೆ 200 ಲೀಟರ್ ಡೀಸೆಲ್ ಕುಡಿಯುತ್ತದೆ, ಹನ್ನೆರಡು ಕೊಟ್ಟರೆ 167. ಆ 33 ಲೀಟರ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸವನ್ನು ಕಡಿಮೆ ಖರ್ಚಿನ ತುದಿಯಿಂದ ಶುರು ಮಾಡಿ.

ಮೊದಲು ಅಳತೆ

ಐನೂರು ರೂಪಾಯಿ ಡೀಸೆಲ್ ಹಾಕಿಸಿ, ಮುಳ್ಳು ಕೆಳಗಿಳಿಯುವವರೆಗೆ ಓಡಿಸಿ ಭಾಗಿಸುವುದು ಲೆಕ್ಕವಲ್ಲ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದಿಡಿ. ಎಂದಿನ ಬಾಡಿಗೆಯಲ್ಲೇ ಕನಿಷ್ಠ 500 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ. ಎರಡು ಸಲವೂ ಗನ್ ತಾನಾಗಿ ಕಟ್ ಆದ ಕೂಡಲೇ ಸಾಕು ಅನ್ನಿ. ಡೀಸೆಲ್ ನೊರೆಯೇಳುತ್ತದೆ, ಗಾಡಿ ಅಲ್ಲಾಡಿಸಿ ಕುತ್ತಿಗೆಮಟ್ಟ ತುಂಬಿಸಿದರೆ ಎರಡು ಲೀಟರ್ ಆಚೀಚೆ ಆಗುವುದು ಮಾಮೂಲು. ನೂರು ಕಿ.ಮೀ.ಗೆ ಅಳೆದವರಿಗೆ ಆ ಎರಡು ಲೀಟರ್ ಅಂದರೆ ಶೇ 20ರಷ್ಟು ತಪ್ಪು. 500 ಓಡಿಸಿದವರಿಗೆ ಶೇ 4 ಮಾತ್ರ. ಟೈರ್ ಸೈಜು ಬದಲಾಗಿದ್ದರೆ ಮೀಟರೂ ಸುಳ್ಳು ಹೇಳುತ್ತದೆ, ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಜತೆ ಒಮ್ಮೆ ತಾಳೆ ನೋಡಿ. ಟೊಮೆಟೊ ಲೋಡಿನ ತಿಂಗಳನ್ನು ಖಾಲಿ ಓಡಾಡಿದ ತಿಂಗಳಿಗೆ ಹೋಲಿಸಬೇಡಿ.

ಟೈರು

ಗಾಳಿಯನ್ನು ಬೆಳಿಗ್ಗೆ, ಗಾಡಿ ಹೊರಡುವ ಮೊದಲೇ ನೋಡಬೇಕು. ಪಂಚರ್ ಅಂಗಡಿಯ ಗೇಜು ಎಷ್ಟು ಸಲ ಕೆಳಗೆ ಬಿದ್ದಿದೆಯೋ ದೇವರಿಗೇ ಗೊತ್ತು, ನಿಮ್ಮದೇ ಒಂದು ಇಟ್ಟುಕೊಳ್ಳಿ. ಮುಂದಕ್ಕೆಷ್ಟು, ಹಿಂದಕ್ಕೆಷ್ಟು, ಲೋಡಿಗೆಷ್ಟು ಎಂಬುದು ಗಾಡಿಯ ಜತೆ ಬಂದ ಪುಸ್ತಕದಲ್ಲಿದೆ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಎಳೆಯಿರಿ. ಒಂದು ಕಡೆಯಿಂದ ನುಣುಪಾಗಿದ್ದು ವಾಪಸ್ ಎಳೆದಾಗ ಗರಗಸದ ಹಾಗೆ ತಾಗಿದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರ ನಿಲ್ಲುವ ಹೊಂದಿಕೆ, ಹೋಗಿದೆ, ಚಕ್ರ ಉರುಳುವ ಬದಲು ತೇಯುತ್ತಿದೆ. ಇನ್ನು ನೈಲಾನ್ ಟೈರು ಗಟ್ಟಿ ಎಂಬ ಮಾತು ಕಲ್ಲುಕ್ವಾರಿಗೆ ಹೋಗುವ ಗಾಡಿಗೆ ಸರಿ. ಟಾರು ರಸ್ತೆಯ ಗಾಡಿಗೆ ನಾಲ್ಕೂ ಹಗುರವಾಗಿ ಉರುಳುವ ರೇಡಿಯಲ್ ಟೈರೇ ಹಾಕಿಸಿ, ಚರ್ಚೆಯೇ ಬೇಡ.

ಬ್ರೇಕು: ಎಲ್ಲರೂ ಎಡವುವ ಜಾಗ

ಬ್ರೇಕ್ ಕಡಿಮೆ ಒತ್ತುತ್ತಾ ಹತ್ತು ಹದಿನೈದು ಕಿ.ಮೀ. ಓಡಿಸಿ ಬಂದು, ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಚರ್ಮ ಅಂಟಿಕೊಂಡೀತು. ಎಡ-ಬಲ ಜೋಡಿಯಲ್ಲಿ ಒಂದು ಮಾತ್ರ ಧಗಧಗ ಅನ್ನುತ್ತಿದ್ದರೆ ಕಳ್ಳ ಸಿಕ್ಕ. ಎರಡೂ ಸಮನಾಗಿ ಬಿಸಿಯಾಗಿದ್ದರೂ ಸುಮ್ಮನಾಗಬೇಡಿ, ಎರಡೂ ಹಿಡಿದಿರಬಹುದು.

ಆಮೇಲೆ ಸಮತಟ್ಟಾದ ಗಟ್ಟಿ ನೆಲದಲ್ಲಿ, ಖಾಲಿ ಗಾಡಿಗೆ ಜಾಕ್ ಹಾಕಿ. ನೆಲದ ಮೇಲಿರುವ ಚಕ್ರಗಳಿಗೆ ಹಿಂದೂ ಮುಂದೂ ಕಟ್ಟೆ ಕೊಡಿ, ಜಾಕಿನ ಪಕ್ಕ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತಲೆ ತೂರಿಸುವುದು ಬೇಡವೇ ಬೇಡ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಚಕ್ರ ತಿರುಗಿಸಿ. ಹಿಂದಿನ ಚಕ್ರದ ಜತೆ ಡಿಫರೆನ್ಷಿಯಲ್ಲೂ ಪ್ರೊಪೆಲರ್ ಶಾಫ್ಟೂ ಸುತ್ತಬೇಕಾದ್ದರಿಂದ ಸ್ವಲ್ಪ ಭಾರ ಸಹಜ. ಎಡವನ್ನು ಬಲಕ್ಕೆ ಹೋಲಿಸಿ ತೀರ್ಮಾನಿಸಿ. ಮುಂದಿನ ಡಿಸ್ಕಿನಲ್ಲಿ ಸಣ್ಣಗೆ ‘ಸರ್’ ಅನ್ನುವ ಸದ್ದು ಬಂದರೆ ತಪ್ಪಲ್ಲ.

ಹೆಚ್ಚಿನವರು ಇಷ್ಟಕ್ಕೇ ಜಾಕ್ ಇಳಿಸಿ ‘ಬ್ರೇಕ್ ಫ್ರೀ ಇದೆ’ ಅಂದುಬಿಡುತ್ತಾರೆ. ತಣ್ಣಗೆ ನಿಂತ ಗಾಡಿಯ ಚಕ್ರ ಫ್ರೀ ಇರುವುದು ದೊಡ್ಡದಲ್ಲ, ಪೆಡಲ್ ಒತ್ತಿ ಬಿಟ್ಟ ಮೇಲೆ ಫ್ರೀ ಆಗುತ್ತದೆಯೇ ಎಂಬುದೇ ಪ್ರಶ್ನೆ. ಎಂಜಿನ್ ಸ್ಟಾರ್ಟ್ ಮಾಡಿ, ಇನ್ನೊಬ್ಬರಿಂದ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿಸಿ ಬಿಡಿಸಿ. ಬಿಟ್ಟ ಕ್ಷಣವೇ ಚಕ್ರ ತಿರುಗಿಸಿ. ಬಿಗಿಯಾಗಿದ್ದು ನಿಧಾನಕ್ಕೆ ಸಡಿಲವಾದರೂ ಅದು ರೋಗವೇ.

ಹಿಡಿದುಕೊಂಡಿದೆಯೇ? ಎಂಜಿನ್ ಆಫ್ ಮಾಡಿ, ಆ ಚಕ್ರದ ಬ್ಲೀಡಿಂಗ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು) ಕೊಂಚ ಸಡಿಲಿಸಿ. ಚಿಳ್ಳನೆ ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ, ಒತ್ತಡ ವಾಪಸ್ ಹೋಗುತ್ತಿಲ್ಲ ಎಂದರ್ಥ. ಮುಂದಿನ ಒಂದೇ ಚಕ್ರವಾದರೆ ಅದರ ರಬ್ಬರ್ ಹೋಸನ್ನು ಶಂಕಿಸಿ. ಹೊರಗಿಂದ ಹೊಸದರಂತೆ ಕಂಡರೂ ಹಳೇ ಹೋಸು ಒಳಗೆ ಊದಿ ದಾರಿ ಕಟ್ಟಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ನುಗ್ಗುತ್ತದೆ, ಹಿಂದಿರುಗಲು ಒದ್ದಾಡುತ್ತದೆ. ಹಿಂದಿನ ಎರಡೂ ಚಕ್ರ ಹಿಡಿದಿದ್ದರೆ ಆಕ್ಸೆಲ್ ಮೇಲಿನ ಹೋಸು ನೋಡಿ. ನಾಲ್ಕೂ ಹಿಡಿದಿದ್ದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ, ಅಥವಾ ಯಾರೋ ಪೆಡಲಿನ ಆಟವನ್ನೇ (ಬ್ರೇಕ್ ಹಿಡಿಯುವ ಮೊದಲಿನ ಸಡಿಲ) ಇಲ್ಲದ ಹಾಗೆ ಬಿಗಿದಿದ್ದಾರೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ತೊಂದರೆ ಚಕ್ರದಲ್ಲೇ ಇದೆ: ತುಕ್ಕು ಹಿಡಿದ ಪಿಸ್ಟನ್, ಒಣಗಿದ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಇಕ್ಕಳ) ಪಿನ್, ಇಲ್ಲವೇ ಹ್ಯಾಂಡ್‌ಬ್ರೇಕ್ ಕೇಬಲ್. ಕೇಬಲ್ ಕಳಚಿ ನೋಡಿದರೆ ಆ ಅನುಮಾನವೂ ತೀರುತ್ತದೆ.

ಕ್ಯಾಲಿಪರ್ ಪಿನ್ನಿಗೆ ಚಾಸಿಸ್ ಗ್ರೀಸ್ ಮೆತ್ತುವುದನ್ನು ಕಣ್ಣಾರೆ ಕಂಡಿದ್ದೇನೆ. ಅದು ರಬ್ಬರನ್ನು ಊದಿಸುತ್ತದೆ, ಕೆಲವೇ ದಿನದಲ್ಲಿ ಪಿನ್ ಮತ್ತೆ ಬಿಗಿ. ಬ್ರೇಕಿಗೆಂದೇ ಬರುವ ಗ್ರೀಸ್ ಕೇಳಿ ತನ್ನಿ. ಡ್ರಮ್ಮಿನ ಶೂಗಳನ್ನು ಚಕ್ರ ಲಾಕ್ ಆಗುವಷ್ಟು ಬಿಗಿದು, ಲಘುವಾಗಿ ಸವರುವ ಸದ್ದಷ್ಟೇ ಉಳಿಯುವವರೆಗೆ ಹಿಂದಕ್ಕೆ ಬಿಡಬೇಕು. ‘ಬ್ರೇಕ್ ಸ್ವಲ್ಪ ಬಿಗಿ ಇರ್ಲಿ ಸಾರ್, ಒಳ್ಳೇದು’ ಎಂದು ಎರಡು ಹಲ್ಲು ಜಾಸ್ತಿ ಬಿಗಿಯುವ ಮೇಸ್ತ್ರಿಯ ಕೈ ಹಿಡಿಯಿರಿ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದು ಶ್ವಾಸಕೋಶಕ್ಕೆ ಹೋಗುವ ಪದಾರ್ಥವಲ್ಲ. ನಿಪ್ಪಲ್ ಬಿಚ್ಚಿದ್ದರೆ ಬಿಗಿದು, ಗಾಡಿಯಲ್ಲೇ ಇರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ಗ್ರೇಡಿನ ಬ್ರೇಕ್ ಆಯಿಲನ್ನೇ ಹಾಕಿ, ಏರ್ ತೆಗೆದ ಮೇಲೇ ಗಾಡಿ ರಸ್ತೆಗೆ.

ಗಾಳಿ, ಬಿಸಿ, ಕ್ಲಚ್ಚು

ಕಾಗದದ ಏರ್ ಫಿಲ್ಟರನ್ನು ತೊಳೆಯಬೇಡಿ. ಒಳಗಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆದರೆ ಸಾಕು, ಕಪ್ಪಾಗಿದ್ದರೆ ಬದಲಿಸಿ. ಅಂಚಿನ ರಬ್ಬರ್ ಸರಿಯಾಗಿ ಕೂರದ ಅಗ್ಗದ ಫಿಲ್ಟರ್ ಕೊಂಡರೆ ಎಂಜಿನ್ನಿಗೆ ಮಣ್ಣು ತಿನ್ನಿಸಿದಂತೆ. ಟರ್ಬೊ ಇರುವ ಗಾಡಿಯಲ್ಲಿ ಹೋಸಿನ ಕ್ಲಿಪ್ಪುಗಳ ಬಳಿ ಎಣ್ಣೆ ಜಿನುಗಿದ್ದರೆ ಅಲ್ಲೇ ಗಾಳಿ ಸೋರುತ್ತಿರಬಹುದು.

ಎಂಜಿನ್ ಹೀಟ್ ಆಗುತ್ತದೆಂದು, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟ್ಯಾಟನ್ನೇ ಕಿತ್ತು ಬಿಸಾಡುವುದು ನಮ್ಮ ಗ್ಯಾರೇಜುಗಳ ಹಳೇ ಚಾಳಿ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದರೂ ಟೆಂಪರೇಚರ್ ಮುಳ್ಳು ಕೆಳಗೇ ಬಿದ್ದಿದ್ದರೆ ನಿಮ್ಮ ಗಾಡಿಗೂ ಆ ಭಾಗ್ಯ ಬಂದಿರಬಹುದು. ತಣ್ಣಗಿನ ಎಂಜಿನ್ ಹೆಚ್ಚು ಡೀಸೆಲ್ ಕೇಳುತ್ತದೆ, ಬೇಗ ಸವೆಯುತ್ತದೆ. ಥರ್ಮೋಸ್ಟ್ಯಾಟ್ ವಾಪಸ್ ಹಾಕಿಸಿ, ಹೀಟಿಗೆ ರೇಡಿಯೇಟರ್ ನೋಡಿಸಿ. ಏರಿನಲ್ಲಿ ಎಂಜಿನ್ ಸದ್ದು ಏರಿ ಗಾಡಿ ಮಾತ್ರ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ.

ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಇತ್ಯಾದಿಗಳ ಬಗ್ಗೆ ಒಂದು ಮಾತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೈಲೇಜು ಹೆಚ್ಚಿಸುತ್ತೇವೆನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಯಾವುದರಲ್ಲೂ ಕಂಡಿಲ್ಲ. ಸೀಮೆಎಣ್ಣೆ ಬೆರೆಸುವವರಂತೂ ಕಾನೂನನ್ನೂ ಮುರಿದು ಪಂಪನ್ನೂ ಸುಟ್ಟುಕೊಳ್ಳುತ್ತಾರೆ.

ಸ್ಟಿಯರಿಂಗ್ ಹಿಡಿದವರಿಗೆ

1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಮೊದಲಿನಿಂದ ಹೇಳುತ್ತ ಬಂದಿರುವ ವೇಗ ಗಂಟೆಗೆ 45–55 ಕಿ.ಮೀ. ಬಾಡಿಗೆ ಗಾಡಿಗೆ ಅದು ಕಷ್ಟ, ಒಪ್ಪುತ್ತೇನೆ. ಆದರೆ 60ರಲ್ಲಿ ಎದುರಾಗುವ ಗಾಳಿಯ ತಡೆ 80ರಲ್ಲಿ ಸುಮಾರು 1.8 ಪಟ್ಟಾಗುತ್ತದೆ. ಟಾರ್ಪಾಲು ಪಟಪಟ ಬಡಿಯುತ್ತಿದ್ದರೆ ಇನ್ನೂ ಹೆಚ್ಚು. ಹಗ್ಗ ಎಳೆದು ಕಟ್ಟಿ, ಖಾಲಿ ಬರುವಾಗ ಮಡಚಿಡಿ.

ಶಿರಾಡಿ, ಚಾರ್ಮಾಡಿಯಲ್ಲಿ ನ್ಯೂಟ್ರಲ್ ಮಾಡಿ ಇಳಿಸುವುದು ಉಳಿತಾಯವಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪಂಪು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಐಡ್ಲಿಂಗಿಗೆ ಕೊಡುತ್ತಲೇ ಇರಬೇಕು. ಎಂಜಿನ್ ಆಫ್ ಮಾಡಿ ಇಳಿಸುವವರಿಗೆ ಬ್ರೇಕ್ ಒತ್ತಲು ನೆರವಾಗುವ ವ್ಯಾಕ್ಯೂಮ್ ಕೂಡ ಕೈಕೊಡುತ್ತದೆ.

ಕೊನೆಗೆ ಪಂಪು

ಇಷ್ಟೆಲ್ಲ ಸರಿಯಿದ್ದೂ ಲೋಡಿನಲ್ಲಿ ಕಪ್ಪು ಹೊಗೆ ಬರುತ್ತಿದ್ದರೆ ಈಗ ಹೋಗಿ. ಮೊದಲು ನಾಜಲ್ ಮಾತ್ರ ಬಿಚ್ಚಿಸಿ ನಿಮ್ಮೆದುರೇ ಟೆಸ್ಟ್ ಮಾಡಿಸಿ. ಮಂಜಿನಂತೆ ಹರಡಬೇಕು, ತೊಟ್ಟಿಕ್ಕಬಾರದು. ವಾಪಸ್ ಹಾಕುವಾಗ ತಾಮ್ರದ ವಾಷರ್ ಹೊಸದೇ ಇರಲಿ. ಪಂಪ್ ಬಿಚ್ಚಲೇಬೇಕಾದರೆ ಟೆಸ್ಟ್ ಬೆಂಚಿನ ರೀಡಿಂಗನ್ನು ಕಾಗದದಲ್ಲಿ ಬರೆಸಿಕೊಳ್ಳಿ, ‘ಪಿಕಪ್ ಬರ್ಲಿ’ (ಗಾಡಿ ಚುರುಕಾಗಿ ಎಳೆಯಲಿ) ಎಂದು ಡೀಸೆಲ್ ಸ್ಕ್ರೂ ಏರಿಸಲು ಬಿಡಬೇಡಿ. ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ (ನಾಜಲ್ ಇರುವ ಭಾಗ) ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯಾದರೆ ನಾಲ್ಕೂ ಇಂಜೆಕ್ಟರ್ ಬದಲಿಸಿ ಎಂದವರಿಗೆ ತಲೆಯಾಡಿಸುವ ಮುನ್ನ ರಿಟರ್ನ್ ಟೆಸ್ಟ್ ಕೇಳಿ: ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಒಂದೊಂದು ಬಾಟಲಿಗೆ ಬಿಟ್ಟು ಐಡ್ಲಿಂಗಿನಲ್ಲಿ ಓಡಿಸುತ್ತಾರೆ. ಉಳಿದವಕ್ಕಿಂತ ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರನ್ನಷ್ಟೇ ಬಿಚ್ಚಿಸಿ.