ನಿದ್ದೆಯಿಂದ ಎದ್ದ ಲ್ಯಾಪ್‌ಟಾಪ್ ಪರದೆ ಕಪ್ಪಾಗಿದ್ದರೆ

ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನದೊಂದು ರಿಪೇರಿ ಅಂಗಡಿ. ಅಲ್ಲಿ ಮತ್ತೆ ಮತ್ತೆ ಕೇಳುವ ಮಾತು ಇದು: "ಚಾಲೂ ಆಗ್ಯಾದ ಸರ, ಆದ್ರ ಕಣ್ಣು ತೆರೀವಲ್ದು." ಮುಚ್ಚಳ ಮುಚ್ಚಿ ಊಟಕ್ಕೆ ಹೋಗಿರುತ್ತಾರೆ. ಬಂದು ತೆರೆದರೆ ಪವರ್ ಲೈಟ್ ಇದೆ, ಪರದೆ ಮಾತ್ರ ಕಪ್ಪು. ತಕ್ಷಣ ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸೇವ್ ಮಾಡದ ಕೆಲಸ ಇನ್ನೂ, ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ರ್ಯಾಮ್‌ನಲ್ಲೇ ಇರುತ್ತದೆ. ಬಟನ್ ಹಿಡಿದಿರೋ, ಅದು ಹೋಯಿತು.

ಮೊದಲು ತಿಳಿಯಬೇಕಾದ್ದು ಒಂದೇ: ಮಷೀನ್ ಎದ್ದಿದೆಯೋ ಇಲ್ಲವೋ? ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ಲೈಟು ಹತ್ತಿ ಆರಿದರೆ ಮಷೀನ್ ಎದ್ದಿದೆ, ತೊಂದರೆ ಪರದೆಯ ಕಡೆಗಿದೆ. ಲೈಟು ಅಲುಗಾಡದಿದ್ದರೆ ಎಲ್ಲವೂ ಹೆಪ್ಪುಗಟ್ಟಿದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಲೈಟೇ ಇರುವುದಿಲ್ಲ. ಆಗ ಪಿನ್ ಟೈಪ್ ಮಾಡಿ ಎಂಟರ್ ಒತ್ತಿ, ಆಮೇಲೆ ವಾಲ್ಯೂಮ್ ಬಟನ್ ಒತ್ತಿ ಸದ್ದು ಬರುತ್ತದಾ ಕೇಳಿ.

ಎದ್ದಿದೆ ಅಂತಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ಈ ನಾಲ್ಕೂ ಕೀಗಳನ್ನು ಒಟ್ಟಿಗೆ ಒತ್ತಿ. ವಿಂಡೋಸ್ 10, 11 ಎರಡರಲ್ಲೂ ನಡೆಯುತ್ತದೆ. ಇದು ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಸಾಫ್ಟ್‌ವೇರ್) ಒಂದನ್ನೇ ಹೊಸದಾಗಿ ಶುರು ಮಾಡುತ್ತದೆ, ತೆರೆದಿಟ್ಟ ಫೈಲುಗಳಿಗೆ ಏನೂ ಆಗುವುದಿಲ್ಲ. ಒಂದು ಬೀಪ್ ಕೇಳಿಸಬಹುದು, ಪರದೆ ಒಮ್ಮೆ ಮಿಣುಕಬಹುದು. ಎಷ್ಟೋ ಸಲ ಕೆಲಸ ಇಷ್ಟಕ್ಕೇ ಮುಗಿಯುತ್ತದೆ. ಬರಲಿಲ್ಲವಾ? ವಿಂಡೋಸ್ ಮತ್ತು ಪಿ ಒತ್ತಿ ನೋಡಿ. ಹಿಂದೊಮ್ಮೆ ಪ್ರೊಜೆಕ್ಟರ್ ಜೋಡಿಸಿದ್ದರೆ ಚಿತ್ರ ಇನ್ನೂ ಆ ಕಡೆಗೇ ಹೋಗುತ್ತಿರಬಹುದು. ಬ್ರೈಟ್‌ನೆಸ್ ಪೂರ್ತಿ ಕೆಳಗೆ ಇಳಿದಿದೆಯಾ ಅಂತಲೂ ನೋಡಿಕೊಳ್ಳಿ. ನಗಬೇಡಿ, ಅಂಥವೂ ಅಂಗಡಿಗೆ ಬರುತ್ತವೆ.

ಈಗ ಮೊಬೈಲ್ ಟಾರ್ಚ್ ತೆಗೆದುಕೊಳ್ಳಿ. ಕೋಣೆಯ ದೀಪ ಆರಿಸಿ, ಪರದೆಗೆ ಓರೆಯಾಗಿ ಬೆಳಕು ಬಿಟ್ಟು ಹತ್ತಿರದಿಂದ ನೋಡಿ. ಗಡಿಯಾರವೋ ಪಾಸ್‌ವರ್ಡ್ ಹಾಕುವ ಜಾಗವೋ ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಪರದೆಯ ಹಿಂಬದಿಯ ಬೆಳಕು ಮಾತ್ರ ಇಲ್ಲ. ಇನ್ನೊಂದು ಪರೀಕ್ಷೆ: ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಬಾಗಿಸಿ. ಒಂದು ಕೋನದಲ್ಲಿ ಚಿತ್ರ ಬಂದು ಇನ್ನೊಂದರಲ್ಲಿ ಹೋದರೆ ಹಿಂಜ್ ಬಳಿ ಹಾದುಹೋಗುವ ಕೇಬಲ್ ಮೇಲೆ ಅನುಮಾನ ಪಡಬೇಕು. ಆಮೇಲೆ ಎಚ್‌ಡಿಎಂಐ ವೈರಿನಿಂದ ಮನೆಯ ಟಿವಿಗೆ ಹಾಕಿ. ಟಿವಿಯಲ್ಲಿ ಚಿತ್ರ ಬಂದರೆ ಫೈಲುಗಳನ್ನು ಅಲ್ಲೇ ಸೇವ್ ಮಾಡಿಕೊಂಡು ಆರಾಮಾಗಿ ಮುಂದಿನದು ಯೋಚಿಸಿ.

ಮುಚ್ಚಳದ ವಿಷಯಕ್ಕೆ ಬಂದೆ, ಇದೊಂದು ಹೇಳಿಬಿಡುತ್ತೇನೆ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದಿದ್ದ. ಅಂಗಡಿಯಲ್ಲಿ ಚೆನ್ನಾಗಿ ಓಡುತ್ತಿತ್ತು, ಆಫೀಸಿಗೆ ಒಯ್ದರೆ ಕಪ್ಪು. ಹೋಗಿ ನೋಡಿದರೆ ಮುಚ್ಚಿದ ಹಳೇ ಲ್ಯಾಪ್‌ಟಾಪ್ ಮೇಲೆ ಇದನ್ನು ಇಟ್ಟುಕೊಂಡು ಕೂತಿದ್ದ. ಮುಚ್ಚಳದಲ್ಲಿ ಒಂದು ಆಯಸ್ಕಾಂತ ಇರುತ್ತದೆ, ಕೆಳಗಿನ ಭಾಗದಲ್ಲಿ ಅದನ್ನು ಗುರುತಿಸುವ ಸೆನ್ಸರ್. ಕೆಳಗಿದ್ದ ಹಳೆಯದರ ಆಯಸ್ಕಾಂತ ತಗುಲಿ, ಮುಚ್ಚಳ ಮುಚ್ಚಿದೆ ಅಂತ ಮಷೀನ್ ತಿಳಿದುಕೊಳ್ಳುತ್ತಿತ್ತು. ಆಯಸ್ಕಾಂತದ ವಾಚ್ ಪಟ್ಟಿ, ಮೊಬೈಲ್ ಕವರ್ ಕೂಡ ಹೀಗೆ ಮಾಡಬಹುದು. ಪಕ್ಕಕ್ಕೆ ಸರಿಸಿದರೆ ಆಯಿತು, ಖರ್ಚಿಲ್ಲ.

ಕ್ಯಾಪ್ಸ್ ಲಾಕ್ ಸತ್ತಿದ್ದರೆ ಮಾತ್ರ ಪವರ್ ಬಟನ್. 10 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿಯೇ ಹಿಡಿಯಿರಿ. ಪೂರ್ತಿ ಆರಿದ ಮೇಲೆ ಚಾರ್ಜರ್, ಮೌಸ್, ಪೆನ್‌ಡ್ರೈವ್ ಎಲ್ಲಾ ಕಿತ್ತು, ಬ್ಯಾಟರಿ ಬಿಚ್ಚುವಂಥದ್ದಾದರೆ ಅದನ್ನೂ ತೆಗೆದು, ಮತ್ತೆ 30 ಸೆಕೆಂಡು ಬಟನ್ ಒತ್ತಿ. ಚಾರ್ಜರ್ ಹಾಕಿ ಶುರು ಮಾಡಿ. ಆಗಲೂ ಫ್ಯಾನ್ ತಿರುಗಿ ಪರದೆ ಬರದಿದ್ದರೆ ರ್ಯಾಮ್ ಬಿಚ್ಚಿ ಕೂರಿಸಬೇಕಾಗಬಹುದು. ಅದು ಗೊತ್ತಿದ್ದವರ ಕೆಲಸ.

ಒಮ್ಮೆ ಆಗಿ ಹೋದರೆ ಬಿಟ್ಟುಬಿಡಿ. ಪದೇ ಪದೇ ಆದರೆ ಮೊದಲ ಅನುಮಾನ ಡ್ರೈವರ್ ಮೇಲೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್‌ಗೆ ಹೋಗಿ. ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ಅಲ್ಲಿನ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ, ಡ್ರೈವರ್ ಟ್ಯಾಬ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಆ ಬಟನ್ ಮಸುಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಅಂತ ಅರ್ಥ. ಆಗ ಲ್ಯಾಪ್‌ಟಾಪ್ ಕಂಪನಿಯ ಸ್ವಂತ ವೆಬ್‌ಸೈಟಿನಿಂದ ನಿಮ್ಮ ಮಾಡೆಲ್‌ನ ಡ್ರೈವರ್ ಇಳಿಸಿಕೊಳ್ಳಿ. ಡ್ರೈವರ್ ಹಾಕಿಕೊಡುತ್ತೇವೆ ಅನ್ನುವ ಬಿಟ್ಟಿ ಸಾಫ್ಟ್‌ವೇರ್‌ಗಳ ಹತ್ತಿರವೂ ಸುಳಿಯಬೇಡಿ. ಹಾಕಿದ ಮೇಲೆ ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ಒಳಭಾಗ ಡಿಸ್ಕಿನಲ್ಲಿ ಉಳಿದು, ಮರುದಿನ ಹಾಗೇ ವಾಪಸ್ ಬರುತ್ತದೆ.

ಇನ್ನೊಂದು ನಮ್ಮೂರಿನ ವಿಷಯ. ಶಕ್ತಿನಗರದಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರ ಇದೆ, ಆದರೂ ಕರೆಂಟ್ ಹೋಗುವುದು ತಪ್ಪಿಲ್ಲ ಅಲ್ವಾ? ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಸುಮ್ನೆ ಚಾರ್ಜರ್ ಮೇಲೆ ಓಡಿಸುವವರು ಬಹಳ. ಸ್ಲೀಪ್‌ನಲ್ಲಿದ್ದಾಗ ಕರೆಂಟ್ ಹೋದರೆ ರ್ಯಾಮ್‌ನಲ್ಲಿದ್ದದ್ದು ಅಳಿಸಿಹೋಗುತ್ತದೆ. ಅಂಥವರು ಸ್ಲೀಪ್ ಬಿಟ್ಟು ಹೈಬರ್ನೇಟ್ ಇಟ್ಟುಕೊಳ್ಳಿ, ಅದು ಎಲ್ಲವನ್ನೂ ಡಿಸ್ಕಿಗೆ ಬರೆದು ಮಲಗುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತುವವರಿಗೂ ಇದೇ ಸರಿ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲೂ ಅರೆ ಎಚ್ಚರವಾಗಿದ್ದು ಬ್ಯಾಗಿನೊಳಗೇ ಬಿಸಿಯಾಗುತ್ತವೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಅಂತ ಆರಿಸಬಹುದು. ಪಟ್ಟಿಯಲ್ಲಿ ಹೈಬರ್ನೇಟ್ ಕಾಣದಿದ್ದರೆ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಫೋನಲ್ಲಿ ಹೇಳುವ ಹಾಗೆ ಹೇಳಿದರೆ, "ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಷ್, ಎಚ್, ಸ್ಪೇಸ್, ಆನ್" ಅಂತ ಹೊಡೆಯಿರಿ.

ಬಯೋಸ್ (ವಿಂಡೋಸ್‌ಗೂ ಮುಂಚೆ ಮಷೀನ್ ಎಬ್ಬಿಸುವ ಪ್ರೋಗ್ರಾಂ) ಅಪ್‌ಡೇಟ್‌ನಿಂದಲೂ ಈ ತೊಂದರೆ ಹೋಗುವುದುಂಟು. ಆದರೆ ಬ್ಯಾಟರಿ ತುಂಬಿ, ಚಾರ್ಜರ್ ಹಾಕಿರುವಾಗಲೇ ಮಾಡಿ. ನಡುವೆ ಮಷೀನ್ ಆರಿದರೆ ಮತ್ತೆ ಏಳದೇ ಹೋಗಬಹುದು.

ಇಷ್ಟಾದರೂ ಬರದಿದ್ದರೆ ಅಂಗಡಿಗೆ ಒಯ್ಯಿರಿ, ಚಾರ್ಜರ್ ಸಮೇತ. "ಡಿಸ್‌ಪ್ಲೇ ಹೋಗಿದೆ" ಅಂದರೆ ನಿಮ್ಮ ಎದುರಿಗೇ ಬೇರೆ ಮಾನಿಟರ್‌ಗೆ ಹಾಕಿ ತೋರಿಸಲು ಹೇಳಿ. ಪರದೆಯ ಪ್ಯಾನೆಲ್ ಬದಲಿಸುವ ಮುಂಚೆ ಕೇಬಲ್ ಬದಲಿಸಿ ನೋಡಿದ್ದೀರಾ ಅಂತಲೂ ಕೇಳಿ. ಕೇಬಲ್ ಪ್ಯಾನೆಲ್‌ಗಿಂತ ತುಂಬಾ ಅಗ್ಗ.