ಕೋಲಾರದಲ್ಲಿ ನಾನು ಕಟ್ಟಿದ ಜ್ಯೂರಿ

ಶ್ರೀನಿವಾಸಪುರ ಕಡೆಯ ಒಂದು ಕೊಲೆ ಯತ್ನದ ಪ್ರಕರಣದಲ್ಲಿ ಮೂವರು ಆರೋಪಿಗಳ ಪೈಕಿ ಇಬ್ಬರು ಖುಲಾಸೆಯಾದ ಮೇಲೆ, ನನ್ನನ್ನು "ಜ್ಯೂರಿ ಸಾಹೇಬರು" ಎಂದು ಕರೆಯುವ ಸಹೋದ್ಯೋಗಿಗಳ ಧ್ವನಿಯಲ್ಲಿ ಲೇವಡಿ ಸ್ವಲ್ಪ ತಗ್ಗಿದೆ. ಆದ್ದರಿಂದ ಈಗ ಬರೆಯಬಹುದು.

ಜ್ಯೂರಿ ಎಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಹಿಂದೆ ನ್ಯಾಯಾಲಯದಲ್ಲಿ ಕೂರಿಸುತ್ತಿದ್ದ ಸಾಮಾನ್ಯ ಜನರ ಗುಂಪು. ಆರೋಪಿಗಳ ಪರ ವಾದಿಸುವ ವಕೀಲನಾದ ನಾನು ಮಾಡುವುದು ಇಷ್ಟೇ. ತೆರೆದ ನ್ಯಾಯಾಲಯದಲ್ಲಿ ದಾಖಲಾದ ಸಾಕ್ಷ್ಯವನ್ನು, ಹೆಸರು ಮತ್ತು ಊರು ಬದಲಿಸಿ, ಕಕ್ಷಿದಾರನ ಒಪ್ಪಿಗೆ ಪಡೆದು, ಕಾನೂನು ಗೊತ್ತಿಲ್ಲದ ಒಂಬತ್ತು ಮಂದಿಗೆ ಓದಿ ಹೇಳುತ್ತೇನೆ. ಹಿರಿಯರೊಬ್ಬರು ಮೊದಲ ದಿನವೇ ನಕ್ಕರು: "ನಾನಾವತಿಯ ಜೊತೆಗೇ ಜ್ಯೂರಿ ಸತ್ತಿತಲ್ಲಯ್ಯ!" ಅದು ಪೂರ್ತಿ ಸರಿಯಲ್ಲ. ಹೆಂಡತಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತ ನೌಕಾಪಡೆಯ ಅಧಿಕಾರಿ ನಾನಾವತಿಯನ್ನು ಬೊಂಬಾಯಿಯ ಜ್ಯೂರಿ 8–1ರಲ್ಲಿ ನಿರ್ದೋಷಿ ಎಂದಿತು, ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು, ಸುಪ್ರೀಂ ಕೋರ್ಟ್ 1961ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಜ್ಯೂರಿ ಆಮೇಲೂ ಕೆಲವೆಡೆ ಉಳಿದಿತ್ತು. ಅದನ್ನು ಪೂರ್ತಿ ಕೈಬಿಟ್ಟಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ. ಅವರ ಇನ್ನೊಂದು ಆಕ್ಷೇಪಕ್ಕೆ ತೂಕವಿತ್ತು: ನಮ್ಮ ನ್ಯಾಯಾಧೀಶರು ಕಾರಣ ಕೊಟ್ಟು ತೀರ್ಪು ಬರೆಯಬೇಕು, ನೀನು ಕೂರಿಸುವ ಹೂ ಮಾರುವವಳ ಅಭಿಪ್ರಾಯ ಕಟ್ಟಿಕೊಂಡು ಏನು ಮಾಡುತ್ತೀಯ? ನನಗೆ ಬೇಕಾದದ್ದು ಅವರ ಅಭಿಪ್ರಾಯವಲ್ಲ, ಅವರ ಪ್ರಶ್ನೆಗಳು.

ಮೊದಲು ಕಾನೂನು ವಿದ್ಯಾರ್ಥಿಗಳನ್ನು ಕೂರಿಸಿದೆ. ಶುದ್ಧ ದಂಡ. ಸಾಕ್ಷಿ ಏನು ಹೇಳಿದ ಎನ್ನುವುದಕ್ಕಿಂತ ಯಾವ ಕಲಂ ಎನ್ನುವುದರ ಮೇಲೆಯೇ ಜಗಳ. ನಂತರ ಬಡಾವಣೆಯ ಜನರನ್ನು ಕರೆದೆ. ತಲೆಗೆ ಮುನ್ನೂರು ರೂಪಾಯಿ, ಮಧ್ಯಾಹ್ನ ಮುದ್ದೆ ಬಸ್ಸಾರು, ಒಂದು ಸಮುದಾಯ ಭವನದ ಬಾಡಿಗೆ ಸೇರಿ ಪ್ರತಿ ಬಾರಿಯೂ ನಾಲ್ಕು ಸಾವಿರದ ಹತ್ತಿರ ಖರ್ಚು. ಅವರು ಊಟ ಹಾಕಿದವನ ಮನಸ್ಸು ನೋಯಿಸದವರು. ಆರೋಪಿಗಳೆಲ್ಲ ಬಿಡುಗಡೆ! ಒಂದು ವರ್ಷದ ಮಟ್ಟಿಗೆ ನನ್ನ ಕೈಯಿಂದ ಇಪ್ಪತ್ತೈದು ಸಾವಿರವಾದರೂ ಹೋಗಿರಬೇಕು. ಕಕ್ಷಿದಾರರು ಇದಕ್ಕೆ ಬಿಡಿಗಾಸು ಕೊಡುವುದಿಲ್ಲ. ಮಾವಿನ ಫಸಲಿನ ಮೇಲೆ ಫೀಸು ಕೊಡುವವರನ್ನು ಕೇಳುವುದಾದರೂ ಹೇಗೆ?

ಬದಲಾದದ್ದು ಎರಡು ವಿಷಯಗಳಿಂದ. ನಾನು ಯಾರ ಪರ ಎಂದು ಹೇಳುವುದನ್ನು ನಿಲ್ಲಿಸಿದೆ. ಈಗ ಬಹುತೇಕರು ನನ್ನನ್ನು ಸರ್ಕಾರಿ ವಕೀಲ ಎಂದೇ ತಿಳಿಯುತ್ತಾರೆ, ನಾನು ತಿದ್ದುವುದಿಲ್ಲ. ಎರಡನೆಯದು, ಮಾತಿಗೆ ಮೊದಲೇ ಪ್ರತಿಯೊಬ್ಬರೂ ತಮ್ಮ ತೀರ್ಮಾನವನ್ನು ಚೀಟಿಯಲ್ಲಿ ಬರೆದುಕೊಡುವುದು. ನಿವೃತ್ತ ಮೇಷ್ಟರೊಬ್ಬರು ಬಾಯಿ ತೆರೆದ ಮೇಲೆ ಉಳಿದ ಎಂಟು ತಲೆಗಳೂ ಅವರ ಕಡೆಗೇ ಆಡುತ್ತಿದ್ದವು. ಪರೀಕ್ಷೆಗೆಂದು ಒಂದೇ ಸಾಕ್ಷ್ಯವನ್ನು ಒಮ್ಮೆ ಐವರಿಗೆ, ಒಮ್ಮೆ ಒಂಬತ್ತು ಮಂದಿಗೆ ಓದಿದೆ. ಐವರಲ್ಲಿ ಒಬ್ಬರು ದೊರೆಯಾಗುತ್ತಾರೆ, ಒಂಬತ್ತರಲ್ಲಿ ಕನಿಷ್ಠ ಒಬ್ಬರು ಮೊಂಡರು ಸಿಗುತ್ತಾರೆ. ಆ ಮೊಂಡರೇ ನನ್ನ ಬಂಡವಾಳ. ಜನರನ್ನು ಹೇಗೆ ಆರಿಸುತ್ತೇನೆ, ಸಾಕ್ಷಿಗಳನ್ನು ಯಾವ ಕ್ರಮದಲ್ಲಿ ಓದುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ದುಡ್ಡು ಹಾಕಿ ಕಲಿತದ್ದು.

ಈಗ ಆ ಪ್ರಕರಣ. ಗಾಯಾಳು ತಾನು ಕೈಕೈ ಮಿಲಾಯಿಸಿದ ಒಬ್ಬನನ್ನು ಗುರುತಿಸಿದ್ದ. ಉಳಿದ ಇಬ್ಬರನ್ನು ಗುರುತಿಸಿದ್ದು ಪಿ.ಡಬ್ಲ್ಯೂ.3, ಅಂದರೆ ಪ್ರಾಸಿಕ್ಯೂಷನ್ನಿನ ಮೂರನೆಯ ಸಾಕ್ಷಿ, ಮಾತ್ರ, ರಾತ್ರಿ ಹತ್ತರ ಮೇಲೆ, ಪಂಪ್ ಮನೆಯ ಬಲ್ಬಿನ ಬೆಳಕಿನಲ್ಲಿ. ದೂರ, ಕೋನ, ಮರದ ಅಡ್ಡ, ಎಲ್ಲವನ್ನೂ ಪಾಟಿ ಸವಾಲಿನಲ್ಲಿ ಕೇಳಿದ್ದೆ, ಸಾಕ್ಷಿ ಜಗ್ಗಿರಲಿಲ್ಲ. ನನ್ನ ಒಂಬತ್ತರಲ್ಲಿ ಒಬ್ಬ ರೈತ, ಸಾವಿರದ ಇನ್ನೂರು ಅಡಿಗೂ ನೀರು ಸಿಗದೆ ಬೋರ್‌ವೆಲ್ ಮುಚ್ಚಿದವನು, ಊಟದ ನಡುವೆ ಕೇಳಿದ: "ಆ ವಾರ ತೋಟದ ಲೈನಿಗೆ ಕರೆಂಟು ಹಗಲು ಪಾಳಿಯೋ, ರಾತ್ರಿ ಪಾಳಿಯೋ?"

ಮರುದಿನವೇ ಕಲಂ 91ರ ಅಡಿ ಅರ್ಜಿ ಹಾಕಿ ವಿದ್ಯುತ್ ಉಪಕೇಂದ್ರದ ಫೀಡರ್ ಲಾಗ್ ಪುಸ್ತಕ (ಯಾವ ಲೈನಿಗೆ ಯಾವಾಗ ಕರೆಂಟು ಕೊಟ್ಟರೆಂದು ಬರೆದಿಡುವುದು) ತರಿಸಿದೆ. ಹಗಲು ಪಾಳಿ. ಘಟನೆಯ ಹೊತ್ತಿಗೆ ಆ ಲೈನಿನಲ್ಲಿ ವಿದ್ಯುತ್ತೇ ಇರಲಿಲ್ಲ. ಪಿ.ಡಬ್ಲ್ಯೂ.3ನ್ನು ಮತ್ತೆ ಕರೆಸಲು ಕಲಂ 311ರ ಅರ್ಜಿ. ಲೋಪ ತುಂಬಿಸಿಕೊಳ್ಳುವ ತಂತ್ರವೆಂದು ಪ್ರಾಸಿಕ್ಯೂಷನ್ ವಿರೋಧಿಸಿತು. ಸಾವಿರ ರೂಪಾಯಿ ವೆಚ್ಚ ವಿಧಿಸಿ ಅನುಮತಿ ಸಿಕ್ಕಿತು. ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಸಾವಿರವನ್ನೂ ಕಟ್ಟಿಲ್ಲ. ಸಾಕ್ಷಿ ಬಲ್ಬಿನಿಂದ ಟಾರ್ಚಿಗೆ, ಟಾರ್ಚಿನಿಂದ ಬೆಳದಿಂಗಳಿಗೆ ಜಾರಿದ. ಪುಸ್ತಕವನ್ನು ಸಾಬೀತುಪಡಿಸಲು ಉಪಕೇಂದ್ರದ ಸಿಬ್ಬಂದಿಯನ್ನು ಪ್ರತಿರಕ್ಷಾ ಸಾಕ್ಷಿಯಾಗಿ ಕರೆಸಿದೆವು. ಕೈಕೈ ಮಿಲಾಯಿಸಿದವನಿಗೆ ಕೊಲೆ ಯತ್ನಕ್ಕಲ್ಲ, ಅಪಾಯಕಾರಿ ಸಾಧನದಿಂದ ಗಾಯಗೊಳಿಸಿದ್ದಕ್ಕೆ, ಭಾರತೀಯ ದಂಡ ಸಂಹಿತೆಯ ಕಲಂ 324ರಲ್ಲಿ ಶಿಕ್ಷೆಯಾಯಿತು, ಅದನ್ನು ಒಂಬತ್ತು ಮಂದಿಯೂ ಚೀಟಿಯಲ್ಲಿ ಮೊದಲೇ ಬರೆದಿದ್ದರು.

ಈಗ ಈ ಕೂಟವನ್ನು ಸಾಕ್ಷಿಯ ಮುಖ್ಯ ವಿಚಾರಣೆ (ಅವನನ್ನು ಕರೆಸಿದವರ ಕಡೆಯ ಪ್ರಶ್ನೆಗಳು) ಮುಗಿದ ಕೂಡಲೇ, ಪಾಟಿ ಸವಾಲಿಗೆ ಮೊದಲು, ಸೇರಿಸುತ್ತೇನೆ. 1973ರ ಹಳೆಯ ಸಂಹಿತೆಯಲ್ಲೇ ನಡೆಯುತ್ತಿರುವ ಪ್ರಕರಣಗಳಲ್ಲಿ ಕಲಂ 231(2)ರ ಅಡಿ ಪಾಟಿ ಸವಾಲನ್ನು ಮುಂದೂಡುವಂತೆ ಕೇಳಿಕೊಂಡರೆ 311ರ ಗೋಜೇ ಬೇಡ. ಮಾದಕ ವಸ್ತುವಿನ ಪ್ರಕರಣಗಳಿಗೆ ಈ ಪದ್ಧತಿ ದಂಡ. ಅಲ್ಲಿ ಗೆಲುವು ಸೋಲು ಶೋಧನೆಯ ಕಾಗದಗಳಲ್ಲಿ, ಶೋಧನೆ ಹೇಗೆ ನಡೆಯಬೇಕೆಂದು ಹೇಳುವ ಆ ಕಾಯ್ದೆಯ ಕಲಂ 42 ಮತ್ತು 50ನ್ನು ಓದಿದರೆ ನನ್ನ ಒಂಬತ್ತು ಮಂದಿ ತೂಕಡಿಸುತ್ತಾರೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಪ್ರಕರಣವನ್ನಂತೂ ಹೆಸರು ಬದಲಿಸಿಯೂ ಒಯ್ಯಬೇಡಿ. ಆ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುವಂಥದ್ದು, ಮಗುವಿನ ಗುರುತು ಹೊರಬೀಳಲು ಊರಿನ ಒಂದು ಸುಳಿವು ಸಾಕು.