ಪುಟ್ಟ ಹಾಯಿದೋಣಿ ಕೊಳ್ಳುತ್ತೀರಾ? ಮೊದಲು ಮಗುಚುವ ವಿಚಾರ ಮಾತಾಡೋಣ

ಬೆಳಿಗ್ಗೆ ಹೊರಟು ಸಂಜೆಯೊಳಗೆ ದಡ ಸೇರುವ ಪುಟ್ಟ ಹಾಯಿದೋಣಿಗೆ ಡೇಸೈಲರ್ ಎನ್ನುತ್ತಾರೆ. ಹೆಚ್ಚಿನವು 14ರಿಂದ 20 ಅಡಿ ಉದ್ದ ಇರುತ್ತವೆ. ಕೊಳ್ಳಲು ಹೋದವರು ಮೊದಲು ಕೇಳುವುದು ‘ಇದು ಮಗುಚುತ್ತಾ?’ ಅಂತ. ಈ ಅಳತೆಯ ಬಹುಪಾಲು ದೋಣಿಗಳು ಮಗುಚಬಲ್ಲವು. ‘ಮಗುಚಿದರೆ ನಾವೇ ಎತ್ತಿ ನಿಲ್ಲಿಸಿ ಮುಂದೆ ಹೋಗಬಹುದಾ?’ ಎಂದು ಕೇಳಿ. ಇದಕ್ಕೆ ಸಿಗುವ ಉತ್ತರವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೊದಲು ತಳ ನೋಡಿ. ಕೆಲವು ದೋಣಿಗಳ ತಳದಲ್ಲಿ ಕೀಲ್ ಇರುತ್ತದೆ, ಅಂದರೆ ಕೆಳಕ್ಕೆ ಚಾಚಿದ ಸೀಸದ ಅಥವಾ ಕಬ್ಬಿಣದ ಭಾರವಾದ ಭಾಗ. ದೋಣಿ ವಾಲಿದಾಗ ಆ ಭಾರ ಅದನ್ನು ಮತ್ತೆ ನೆಟ್ಟಗೆ ಎಳೆಯುತ್ತದೆ. ಇನ್ನು ಕೆಲವಕ್ಕೆ ಏರಿಸಿ ಇಳಿಸುವ ಸೆಂಟರ್‌ಬೋರ್ಡ್ ಇರುತ್ತದೆ. ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವ ಈ ಹಲಗೆ ಸಾಮಾನ್ಯವಾಗಿ ಹಗುರ. ಅಂಥ ದೋಣಿಯನ್ನು ನೆಟ್ಟಗೆ ಇಡುವುದು ಒಳಗೆ ಕೂತವರ ಮೈತೂಕ. ಗಾಳಿ ಬರುವ ಕಡೆಯ ಅಂಚಿಗೆ ಸರಿದು, ಬೇಕಾದಾಗ ಹೊರಕ್ಕೆ ಬಾಗಿ ಕೂರಬೇಕು. ರೋಡ್ಸ್ 19 ಎಂಬ ದೋಣಿ ಮಾದರಿ ಈ ಎರಡೂ ಬಗೆಯಲ್ಲಿ ಬಂದಿದೆ. ಹಾಗಾಗಿ ಹೆಸರು ಕೇಳಿದರೆ ಸಾಲದು, ಬಗ್ಗಿ ತಳ ನೋಡಬೇಕು.

ಅಗಲವನ್ನು ಪೂರ್ತಿ ನಂಬಬೇಡಿ. ಅಗಲವಾದ, ಚಪ್ಪಟೆ ತಳದ ದೋಣಿ ಕಾಲಿಟ್ಟಾಗ ಅಲುಗಾಡುವುದು ಕಡಿಮೆ. ಆದರೆ ಒಂದು ಹಂತ ದಾಟಿ ವಾಲಿದರೆ ತಟ್ಟನೆ ಮಗುಚುತ್ತದೆ. ತಲೆಕೆಳಗಾದ ಮೇಲೂ ಅಷ್ಟೇ ಗಟ್ಟಿಯಾಗಿ ಕೂತುಬಿಡುತ್ತದೆ. ಕಿರಿದಾದ ಕೀಲ್ ದೋಣಿ ಮೊದಲು ಸುಲಭವಾಗಿ ವಾಲಿ ಹೆದರಿಸುತ್ತದೆ, ವಾಲಿದಂತೆಲ್ಲ ಬಿಗಿಯಾಗುತ್ತದೆ. ದಡದಲ್ಲಿ ಕಟ್ಟಿದ ದೋಣಿಯನ್ನು ಸುಮ್ನೆ ಅಲುಗಾಡಿಸಿ ನೋಡಿದರೆ ಇದು ತಿಳಿಯುವುದಿಲ್ಲ.

ಸೂತ್ರಗಳ ವಿಷಯದಲ್ಲೂ ಎಚ್ಚರ ಬೇಕು. ದೋಣಿಯ ಅಗಲ ಮತ್ತು ತೂಕ ಹಾಕಿ ಲೆಕ್ಕ ಮಾಡುವ, ಉತ್ತರ 2ಕ್ಕಿಂತ ಕಡಿಮೆ ಬಂದರೆ ಒಳ್ಳೆಯದು ಎನ್ನುವ ಸೂತ್ರವೊಂದಿದೆ. ಅದು 1979ರಲ್ಲಿ ಫಾಸ್ಟ್‌ನೆಟ್ ಎಂಬ ಹಾಯಿದೋಣಿ ಪಂದ್ಯ ಬಿರುಗಾಳಿಗೆ ಸಿಕ್ಕ ದುರಂತದ ನಂತರ ಬಂದದ್ದು, ದೂರದ ಕಡಲಿಗೆ ಹೋಗುವ ಕೀಲ್ ದೋಣಿಗಳಿಗಾಗಿ. 6 ಅಡಿ 9 ಇಂಚು ಅಗಲ, 850 ಪೌಂಡ್ ತೂಕದ ಫ್ಲೈಯಿಂಗ್ ಸ್ಕಾಟ್ ಎಂಬ ಡೇಸೈಲರ್‌ಗೆ ಅದನ್ನು ಹಾಕಿದರೆ 2.8ರ ಮೇಲೆ ಬರುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಹೋಗಲು ಹೆಸರಾದ ದೋಣಿ ಅದು! ಪುಟ್ಟ ದೋಣಿಗೆ ಆ ಲೆಕ್ಕ ಬಿಟ್ಟುಬಿಡಿ.

ಎತ್ತಿ ನಿಲ್ಲಿಸಿ ನೋಡಿ. ಇದು ಎಲ್ಲಕ್ಕಿಂತ ಮುಖ್ಯ. ನುರಿತವರೊಬ್ಬರನ್ನು ಜೊತೆಗಿಟ್ಟುಕೊಂಡು, ಎಲ್ಲರೂ ಲೈಫ್ ಜಾಕೆಟ್ ಹಾಕಿ, ಗಾಳಿ ಕಡಿಮೆ ಇರುವ ದಿನ ಸೆಂಟರ್‌ಬೋರ್ಡ್ ದೋಣಿಯನ್ನು ಬೇಕೆಂದೇ ಮಗುಚಿ ನೋಡಿ. ನೀರು ಕೂವೆಮರದ (ಹಾಯಿ ಕಟ್ಟುವ ಕಂಬದ) ಉದ್ದಕ್ಕಿಂತ ಆಳವಿರಲಿ, ಇಲ್ಲದಿದ್ದರೆ ಮರದ ತುದಿ ಕೆಸರಿಗೆ ನಾಟಿಕೊಳ್ಳುತ್ತದೆ. ಹಾಯಿಯ ಹಗ್ಗಗಳನ್ನು ಸಡಿಲಿಸಿ, ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ. ಒಬ್ಬರು ಸೆಂಟರ್‌ಬೋರ್ಡ್ ಮೇಲೆ ನಿಂತು ಹಿಂದಕ್ಕೆ ವಾಲಬೇಕು. ಇನ್ನೊಬ್ಬರು ಒಡಲೊಳಗೆ ಉದ್ದಕ್ಕೆ ತೇಲುತ್ತಿದ್ದರೆ ದೋಣಿ ಏಳುವಾಗ ಅವರನ್ನೂ ಒಳಗೇ ಎತ್ತಿಕೊಳ್ಳುತ್ತದೆ.

ಆಗ ಗಮನಿಸಬೇಕಾದದ್ದು ಬಹಳ ಇದೆ. ಮಗುಚಿದ ದೋಣಿ ತೀರಾ ಎತ್ತರದಲ್ಲಿ ತೇಲಿ ಹಲಗೆ ಕೈಗೆ ಎಟುಕದೆ ಹೋಗುತ್ತಾ? ತಲೆಕೆಳಗಾದರೆ ಹಲಗೆ ಒಳಕ್ಕೆ ಜಾರಿಕೊಳ್ಳುತ್ತಾ? ಎದ್ದ ಮೇಲೆ ಒಳಗೆ ಎಷ್ಟು ನೀರು ಉಳಿಯಿತು? ತುಂಬಾ ನೀರಿದ್ದರೆ ಅದು ಅತ್ತಿತ್ತ ಹರಿದು ಮತ್ತೆ ಮಗುಚುತ್ತದೆ. ದೋಣಿಯನ್ನು ತೇಲಿಸುವ ಗಾಳಿಪೆಟ್ಟಿಗೆಗಳ ಮುಚ್ಚಳ ಸೋರುತ್ತವಾ? ನಿಮ್ಮಲ್ಲಿ ಮೈಕಟ್ಟು ದುರ್ಬಲ ಇರುವವರು ನೀರಿನಿಂದ ಹತ್ತಿ ಬರಲು ಏಣಿಯೋ ಹಗ್ಗದ ಕುಣಿಕೆಯೋ ಬೇಕಾಗುತ್ತಾ? ಪೂರ್ತಿ ತಲೆಕೆಳಗಾಗುವ ದೋಣಿಗೆ ಕೂವೆಮರದ ತುದಿಯಲ್ಲಿ ತೇಲುಬುರುಡೆ ಕಟ್ಟಿದರೆ ಚೆನ್ನಾಗಿ ನೆರವಾಗುತ್ತದೆ. ಕೀಲ್ ದೋಣಿಯಾದರೆ ಒಳಗೆ ನೀರು ತುಂಬಿದರೂ ತೇಲುತ್ತದೆಯೇ ಎಂದು ಕೇಳಲೇಬೇಕು. ತೇಲಿಸುವ ಫೋಮ್ ಇಲ್ಲದಿದ್ದರೆ ಆ ಭಾರವೇ ಮುಳುಗಿಸುತ್ತದೆ.

1957ರಲ್ಲಿ ಇಯಾನ್ ಪ್ರಾಕ್ಟರ್ ರೂಪಿಸಿದ ವೇಫೇರರ್ ಸೆಂಟರ್‌ಬೋರ್ಡ್ ದೋಣಿ, 16 ಅಡಿಗೂ ತುಸು ಕಡಿಮೆ. 1964ರಲ್ಲಿ ಹಾಯಿದೋಣಿ ಸಾಹಸಿ ಫ್ರಾಂಕ್ ಡೈ ಅದರಲ್ಲಿ ನಾರ್ವೆಗೆ ಹೋಗುವಾಗ ಬಿರುಗಾಳಿಗೆ ಸಿಕ್ಕಿ ಮತ್ತೆ ಮತ್ತೆ ಮಗುಚಿದರು, ಕೂವೆಮರವೂ ಮುರಿಯಿತು. ಆದರೂ ದಡ ಸೇರಿದರು. ಯಾರೂ ಅನುಕರಿಸಬಾರದ ಪಯಣ ಅದು, ಆದರೆ ಎತ್ತಿ ನಿಲ್ಲಿಸಬಲ್ಲ ದೋಣಿಯ ಬೆಲೆ ಅಲ್ಲಿ ಕಾಣುತ್ತದೆ.

ಕೊನೆಗೆ ಹಾಯಿ. ಅದನ್ನು ಚಿಕ್ಕದು ಮಾಡುವ ರೀಫ್ ಕಟ್ಟುಗಳು ಇರಲೇಬೇಕು. ಗಾಳಿ 10 ನಾಟ್‌ನಿಂದ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) 14ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ, 20ಕ್ಕೆ ಏರಿದರೆ ನಾಲ್ಕು ಪಟ್ಟು. ಮುಖ್ಯ ಹಾಯಿಯ ಹಗ್ಗ ಅದನ್ನು ಹಿಡಿದಿಡುವ ಕ್ಲೀಟ್‌ನಿಂದ ಒಂದೇ ಎಳೆತಕ್ಕೆ ಬಿಡಿಸಿಕೊಳ್ಳಬೇಕು. ಅದು ಬಿಗಿದುಕೊಳ್ಳುತ್ತಿದ್ದರೆ ಹಣ ಕೊಡುವ ಮುನ್ನವೇ ಬದಲಿಸಲು ಹೇಳಿ.